ನಲವತ್ತಾರು ಚುಕ್ಕಿಯ ಬಾವುಟ

ಗಿರಿಜವ್ವ ನನಗೆ ಮೊದಲ ಸಲ ಸಿಕ್ಕಿದ್ದು ಮೆಲ್ಬರ್ನ್‌ನ ಸೇಂಟ್ ಆಲ್ಬನ್ಸ್ ರೈಲು ನಿಲ್ದಾಣದ ಮುಂದೆ, 2007ರ ಆಗಸ್ಟ್ ತಿಂಗಳ ಕೊನೆಯಲ್ಲಿ. ಮುಂದಿನ ವಾರ ಅಮೆರಿಕದ ಅಧ್ಯಕ್ಷರು ಸಿಡ್ನಿಗೆ ಬರುವವರಿದ್ದರು. ಇರಾಕಿನ ಯುದ್ಧಕ್ಕೆ ಧಿಕ್ಕಾರ ಕೂಗಲು ನಮ್ಮ ಕಡೆಯಿಂದ ಎರಡು ಬಸ್ಸು ಹೊರಟಿದ್ದವು. ಜನರನ್ನು ಕರೆಯೋಣ ಅಂತ ನಾನು ಹಳೆಯ ಬೆಡ್‌ಶೀಟಿನ ಬ್ಯಾನರ್ ಒಂದನ್ನು ಕಂಬಕ್ಕೆ ಕಟ್ಟುತ್ತಿದ್ದೆ. ಗಾಳಿ ಅದನ್ನು ಕಿತ್ತು ಕಿತ್ತು ನನ್ನ ಮುಖಕ್ಕೇ ಬಡಿಯುತ್ತಿತ್ತು. ನಾನು ಗಾಳಿಗೆ ಅಪ್ಪಟ ಧಾರವಾಡದ ಬೈಗುಳ ಬೈಯುತ್ತಿದ್ದೆ.

ಹಿಂದಿನಿಂದ ಹೆಂಗಸಿನ ದನಿ ಬಂತು. "ಬೈಗುಳ ಚಲೋ ಐತಿ, ಹೊಲಿಗಿ ಸೊಟ್ಟ ಐತಿ. ಇಂಥಾ ಅರಿವಿ ಹಿಡಕೊಂಡು ಅಷ್ಟು ದೊಡ್ಡವ್ರ ಕೂಡ ಜಗಳಕ್ಕ ಹೊಂಟೀರೇನು, ಕಾಕಾ?"

ತಿರುಗಿ ನೋಡಿದರೆ ನಲವತ್ತರ ಆಸುಪಾಸಿನ ಹೆಂಗಸು. ಇಳಕಲ್ ಸೀರೆಯ ಮೇಲೆ ಗಂಡಸರ ಜಾಕೆಟ್, ಎರಡೂ ಕೈಯಲ್ಲಿ ತರಕಾರಿ ಚೀಲ. ಚೀಲ ಕೆಳಗಿಟ್ಟು ಬ್ಯಾನರಿನ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿದಳು. ವೈದ್ಯರು ಹುಣ್ಣು ನೋಡುವ ಹಾಗೆ. ಆಮೇಲೆ ನನ್ನನ್ನು ಒಂದು ಮಾತೂ ಕೇಳದೆ ಬಿಚ್ಚಿ, ಮಡಚಿ, ಉಳ್ಳಾಗಡ್ಡಿಯ ಚೀಲದ ಮೇಲಿಟ್ಟುಕೊಂಡು ಹೋದಳು. ಎರಡು ದಿನಕ್ಕೆ ವಾಪಸ್ ಬಂತು. ನಾಲ್ಕೂ ಕಡೆ ಜೋಡು ಹೊಲಿಗೆ, ಮೇಲೆ ಹಗ್ಗ ತೂರಿಸಲು ಜಾಗ, ಮೂಲೆಗಳಿಗೆ ದಪ್ಪ ಬಟ್ಟೆಯ ಒತ್ತು. ಚಳವಳಿಗಳಲ್ಲಿ ನಲವತ್ತು ವರ್ಷ ಗಂಟಲು ಹರಿದುಕೊಂಡವನು ನಾನು. ಕೊನೆಯ ತನಕ ನೆಟ್ಟಗೆ ನಿಂತ ಮೊದಲ ಬ್ಯಾನರ್ ಅದೇ.

ಗಿರಿಜವ್ವ ಧಾರವಾಡ ಸೀಮೆಯವಳು. ಮದುವೆಗೆ ಮುಂಚೆಯೂ ಮದುವೆಯಾದ ಮೇಲೂ ಒಂದು ಖಾದಿ ಕೇಂದ್ರದಲ್ಲಿ ರಾಷ್ಟ್ರಧ್ವಜ ಹೊಲಿಯುತ್ತಿದ್ದಳು. ಅಲ್ಲಿ ಬಟ್ಟೆ ನೆಲ ಮುಟ್ಟುವ ಹಾಗಿಲ್ಲ. ಅಗಲ ಎರಡಾದರೆ ಉದ್ದ ಮೂರು, ನೂಲಿನಷ್ಟೂ ಹೆಚ್ಚುಕಡಿಮೆ ಆಗುವ ಹಾಗಿಲ್ಲ. ಚಕ್ರ ಈ ಮಗ್ಗುಲಲ್ಲಿ ಎಲ್ಲಿದೆಯೋ ಆ ಮಗ್ಗುಲಲ್ಲೂ ಅಲ್ಲೇ ಇರಬೇಕು. ಒಂದು ಬಾವುಟದಲ್ಲಿ ತಪ್ಪು ಸಿಕ್ಕರೆ ಆ ಒಂದನ್ನು ಮಾತ್ರ ತೆಗೆಯುವುದಿಲ್ಲ, ಇಡೀ ಗಂಟೇ ವಾಪಸ್. ಅದಕ್ಕೇ ಹೆಂಗಸರು ತಮ್ಮತಮ್ಮಲ್ಲೇ ಒಂದು ಕಟ್ಟಳೆ ಮಾಡಿಕೊಂಡಿದ್ದರಂತೆ: ತಪ್ಪು ಕಂಡವಳು ಅದು ತನ್ನದಿರಲಿ, ಪಕ್ಕದವಳದಿರಲಿ, ತಾನೇ ಎತ್ತಿಕೊಂಡು ಹೋಗಿ ತಪಾಸಣೆಯವರ ಮೇಜಿನ ಮೇಲೆ ಇಡಬೇಕು. ಬೇರೆಯವರು ಹುಡುಕಿ ತೆಗೆಯುವ ತನಕ ಕಾಯುವುದು ಅಲ್ಲಿ ನಾಚಿಕೆಗೇಡು.

ಗಂಡ ಶಿವಬಸಪ್ಪ ರೈಲ್ವೆ ಸಿಗ್ನಲ್ ಕೆಲಸದವನು. ಪಿಆರ್, ಅಂದರೆ ಇಲ್ಲೇ ನೆಲೆಸಲು ಪರವಾನಗಿ, ಸಿಕ್ಕು 2005ರಲ್ಲಿ ಸಂಸಾರ ಮೆಲ್ಬರ್ನ್‌ಗೆ ಬಂತು. ಮಗಳು ಸಂಧ್ಯಾರಾಣಿಗೆ ಹದಿನೈದು. ಅವ್ವನ ಕನ್ನಡಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವ ವಯಸ್ಸು. ಗಿರಿಜವ್ವನಿಗೆ ಊರಿನ ಪಶ್ಚಿಮ ಭಾಗದ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಶಾಲೆ, ಕ್ಲಬ್ಬು, ಪೆಟ್ರೋಲ್ ಬಂಕುಗಳಿಗೆ ಬಾವುಟ ಮಾಡಿಕೊಡುವ ಜಾಗ. ಯಜಮಾನ ಥಾನಾಸಿ, ಹುಡುಗನಾಗಿದ್ದಾಗಲೇ ಗ್ರೀಸಿನಿಂದ ಬಂದವನು. ಕೆಟ್ಟವನಲ್ಲ, ಆದರೆ ಹಿಡಿತದವನು. ಗಿರಿಜವ್ವನನ್ನು ಕ್ಯಾಶುಯಲ್ ಅಂತ ಇಟ್ಟುಕೊಂಡಿದ್ದ. ಅಂದರೆ ಬೆಳಿಗ್ಗೆ ಫೋನ್ ಬಂದರೆ ಕೆಲಸ, ಬರದಿದ್ದರೆ ಮನೆ. ರಜೆ ಇಲ್ಲ, ಜ್ವರ ಬಂದರೆ ಪಗಾರ ಇಲ್ಲ. ಪಕ್ಕದ ಮಷೀನಿನಲ್ಲಿ ಕೂರುವ ಫಿಲಿಪೀನ್ಸಿನ ಲೂರ್ದೆಸ್‌ದೂ ಅದೇ ಪಾಡು, ಆರು ವರ್ಷದಿಂದ.

2008ರ ಏಪ್ರಿಲ್‌ನಲ್ಲಿ ಸಿಡ್ನಿಯಿಂದ ಒಂದು ದೊಡ್ಡ ಆರ್ಡರ್ ಬಂತು. ಸರಿಯಾಗಿ ನೂರು ವರ್ಷದ ಹಿಂದೆ, 1908ರ ಆಗಸ್ಟಿನಲ್ಲಿ, ಅಮೆರಿಕದ ಹದಿನಾರು ಯುದ್ಧದ ಹಡಗುಗಳು ಬಿಳಿ ಬಣ್ಣ ಬಳಿದುಕೊಂಡು ಸಿಡ್ನಿಗೂ ಮೆಲ್ಬರ್ನ್‌ಗೂ ಬಂದಿದ್ದವು. ಹಡಗಿನ ಚರಿತ್ರೆಯ ಹುಚ್ಚು ಹಿಡಿದ ಹವ್ಯಾಸಿಗಳ ಸಂಘವೊಂದು ಅದರ ನೆನಪಿಗೆ ಪ್ರದರ್ಶನ ಇಟ್ಟುಕೊಂಡಿತ್ತು. ಹಡಗಿಗೆ ಎರಡರಂತೆ ಮೂವತ್ತೆರಡು ಅಮೆರಿಕದ ಬಾವುಟ ಬೇಕು. ಅಚ್ಚು ಹಾಕಿದ್ದಲ್ಲ, ಆ ಕಾಲದ ಹಾಗೆ ಹತ್ತಿ ಬಟ್ಟೆಯಲ್ಲಿ ಪಟ್ಟಿ ಕೂಡಿಸಿ, ಚುಕ್ಕಿ ಒಂದೊಂದಾಗಿ ಹಚ್ಚಿ ಹೊಲಿದದ್ದು. ಅಂಥ ಕೆಲಸ ಬರುವ ಕೈ ಥಾನಾಸಿಯ ಕಾರ್ಖಾನೆಯಲ್ಲಿ ಒಂದೇ ಇತ್ತು. ಅವನು ಗಿರಿಜವ್ವನಿಗೆ ಮಾತು ಕೊಟ್ಟ: ಈ ಆರ್ಡರ್ ಮುಗಿಸಿಕೊಡು, ಪರ್ಮನೆಂಟ್ ಮಾಡ್ತೀನಿ.

ಅದು ಅವಳಿಗೆ ಸಣ್ಣ ಮಾತಲ್ಲ. ಊರಂಚಿನ ಟ್ರುಗನಿನಾದಲ್ಲಿ ಹೊಸದಾಗಿ ಬಿಡುತ್ತಿದ್ದ ಸೈಟೊಂದರ ಮೇಲೆ ಶಿವಬಸಪ್ಪ ಕಣ್ಣಿಟ್ಟಿದ್ದ. ಹೆಂಡತಿಗೂ ಪರ್ಮನೆಂಟ್ ಕೆಲಸದ ಪತ್ರ ಇದ್ದರೆ ಮಾತ್ರ ಮನೆಸಾಲ ಅಂತ ಬ್ಯಾಂಕಿನವರು ಹೇಳಿದ್ದರು. ಆ ಒಂದು ಹಾಳೆಯ ಮೇಲೆ ಮನೆ ನಿಂತಿತ್ತು.

ಆರಂಭವೇ ಎಡವಟ್ಟಾಯಿತು. ಸಂಘದವರು ಕಳಿಸಿದ ನಕ್ಷೆಯಲ್ಲಿ ಬಾವುಟದ ಉದ್ದ ಅಗಲದ ಹತ್ತಿರ ಹತ್ತಿರ ಎರಡರಷ್ಟಿತ್ತು. ಗಿರಿಜವ್ವ ನಕ್ಷೆ ನೋಡಿದಳು, ತಲೆಯಾಡಿಸಿದಳು, ಕತ್ತರಿ ಹಿಡಿದಳು. ಆದರೆ ಕತ್ತರಿ ಹಿಡಿದ ಕೈ ಧಾರವಾಡದ್ದು. ಅದು ತನ್ನ ಪಾಡಿಗೆ ತಾನು ಎರಡಕ್ಕೆ ಮೂರರಂತೆ ಕತ್ತರಿಸುತ್ತಾ ಹೋಯಿತು. ಆರು ಬಾವುಟದ ಬಟ್ಟೆ ಕತ್ತರಿಸಿ ಪಟ್ಟಿ ಕೂಡಿಸಿದ ಮೇಲೆ ಲೂರ್ದೆಸ್ ಬಂದು, ಇದೇನು ಇಷ್ಟು ಗಿಡ್ಡ ಅಂದಳು. ಗಿರಿಜವ್ವ ಆರನ್ನೂ ಎತ್ತಿಕೊಂಡು ಹೋಗಿ ಥಾನಾಸಿಯ ಮೇಜಿನ ಮೇಲೆ ಇಟ್ಟಳು. ಅವನು ತಲೆ ಚಚ್ಚಿಕೊಂಡ. ಆಮೇಲೆ ಅದರಲ್ಲೊಂದನ್ನು ಗಡಿಯಾರದ ಪಕ್ಕ ಮೊಳೆ ಹೊಡೆದು ನೇತುಹಾಕಿ, ಬಂದುಹೋಗುವವರಿಗೆಲ್ಲ ಇದು ಗಿರಿಜಾಳ ದೇಶ ಅಂತ ತೋರಿಸತೊಡಗಿದ.

ಅವಮಾನ ನುಂಗಿಕೊಂಡು ಮತ್ತೆ ಕೂತಳು. ಈ ಸಲ ನಕ್ಷೆಯ ಒಂದೊಂದು ಗೆರೆಯನ್ನೂ ಬೆರಳಿಟ್ಟು ಓದಿದಳು. ಹಾಗೆ ಓದುವಾಗಲೇ ಅವಳಿಗೆ ಪ್ರಶ್ನೆ ಬಂದಿದ್ದು. ಪಟ್ಟಿ ಹದಿಮೂರು ಯಾಕೆ? ಚುಕ್ಕಿ ನಲವತ್ತೆಂಟು ಯಾಕೆ? ಅವಳು ಕಲಿತ ಜಾಗದಲ್ಲಿ ಪ್ರತಿಯೊಂದಕ್ಕೂ ಕಾರಣ ಇರುತ್ತಿತ್ತು. ಕಾರಣ ಗೊತ್ತಿಲ್ಲದೆ ಅವಳ ಸೂಜಿ ಓಡುವುದಿಲ್ಲ. ಭಾನುವಾರ ಫೋನ್ ಮಾಡಿ, ಕಾಕಾ, ಅಮೆರಿಕಾದ ಬಗ್ಗೆ ದಿನಾ ಬೈತೀರಲ್ಲ, ಬಂದು ಒಂದೀಟು ಹೇಳ್ರಿ ಅಂದಳು.

ನಾನು ಲೈಬ್ರರಿಯಿಂದ ಎರಡು ಪುಸ್ತಕ ಹೊತ್ತುಕೊಂಡು ಹೋದೆ. ಅಡುಗೆಮನೆಯ ಮೇಜಿನ ಮೇಲೆ ಶೇಂಗಾ ಚಟ್ನಿ, ಚಪಾತಿ, ಪಕ್ಕದಲ್ಲಿ ಬಾವುಟದ ನಕ್ಷೆ. ಮೊದಲಿದ್ದ ಹದಿಮೂರು ರಾಜ್ಯಕ್ಕೆ ಹದಿಮೂರು ಪಟ್ಟಿ, ಆಯಾ ಕಾಲದಲ್ಲಿದ್ದ ರಾಜ್ಯಕ್ಕೆ ಒಂದೊಂದು ಚುಕ್ಕಿ, ಈಗ ಐವತ್ತು, ಹೊಸ ರಾಜ್ಯ ಸೇರಿದರೆ ಮುಂದಿನ ಜುಲೈ ನಾಲ್ಕಕ್ಕೆ ಚುಕ್ಕಿ ಸೇರುತ್ತದೆ ಅಂತ ಹೇಳಿದೆ. ಅವಳು ಪುಸ್ತಕ ತನ್ನ ಕಡೆ ತಿರುಗಿಸಿಕೊಂಡು ರಾಜ್ಯಗಳ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ನೋಡುತ್ತಾ ಬಂದಳು. ಇಸವಿಗಳನ್ನು ಓದಲು ಅವಳಿಗೆ ನನ್ನ ಇಂಗ್ಲಿಷ್ ಬೇಕಿರಲಿಲ್ಲ. ನಲವತ್ತೆಂಟನೆಯದು ಅರಿಜೋನಾ, 1912. ನಲವತ್ತೇಳು ನ್ಯೂ ಮೆಕ್ಸಿಕೊ, ಅದೂ 1912. ನಲವತ್ತಾರು ಓಕ್ಲಹಾಮಾ, 1907.

"ಹಡಗು ಬಂದಿದ್ದು ಎಂಟರಾಗ," ಅಂದಳು. "ಹನ್ನೆರಡರಾಗ ಹುಟ್ಟಿದ್ದನ್ನ ಎಂಟರಾಗ ಹೆಂಗ ಹೊಲೀಲಿ?"

ನಾನು ಚಪಾತಿ ಕೆಳಗಿಟ್ಟೆ. ಅಮೆರಿಕದ ಸಾಮ್ರಾಜ್ಯದ ಮೇಲೆ ನಾನು ಬಿಗಿದ ಭಾಷಣಗಳಿಗೆ ಲೆಕ್ಕವಿಲ್ಲ. ಈ ಚುಕ್ಕಿ ಎಣಿಸಬೇಕು ಅಂತ ನನಗೆ ಒಂದು ದಿನವೂ ಹೊಳೆದಿರಲಿಲ್ಲ.

ಓಕ್ಲಹಾಮಾದ ಚುಕ್ಕಿ ಸೇರಿದ್ದು 1908ರ ಜುಲೈ ನಾಲ್ಕು. ಹಡಗುಗಳು ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟಿದ್ದು ಜುಲೈ ಏಳು. ಅಂದರೆ ಸಿಡ್ನಿಗೆ ಬರುವ ಹೊತ್ತಿಗೆ ನಲವತ್ತಾರು. ಗಿರಿಜವ್ವ ಬೆರಳು ಮಡಚಿ ದಿನ ಎಣಿಸಿದಳು. ಆಮೇಲೆ, ಅಷ್ಟು ಹಡಗಿನ ಬಾವುಟ ಮೂರು ದಿನದಾಗ ಯಾರು ಹೊಲಿದಿರಬೇಕು, ಎಷ್ಟು ತಾಸು ಕುಂತಿರಬೇಕು ಅಂತ ಕೇಳಿದಳು. ಪುಸ್ತಕದಲ್ಲಿ ಅಡ್ಮಿರಲ್‌ಗಳ ಹೆಸರಿತ್ತು, ಹೊಲಿದವರದ್ದಿರಲಿಲ್ಲ. ನನಗೆ ಗೊತ್ತಿದ್ದದ್ದು ಹೇಳಿದೆ. ಅದರ ಮರುವರ್ಷವೇ ನ್ಯೂಯಾರ್ಕಿನಲ್ಲಿ ಅಂಗಿ ಹೊಲಿಯುವ ಸಾವಿರಾರು ಹುಡುಗಿಯರು ಮಷೀನು ಬಿಟ್ಟೆದ್ದು ಚಳಿಯಲ್ಲಿ ಬೀದಿಗೆ ಬಂದರು. ಪೊಲೀಸರ ಏಟು ತಿಂದರು, ಜೈಲು ಕಂಡರು. ಹೊರಗೆ ದೇಶ ದೊಡ್ಡದಾಗುತ್ತಿತ್ತು, ಒಳಗೆ ಇವರು ವಾರಕ್ಕೆ ಇಷ್ಟೇ ತಾಸು ದುಡಿಯುತ್ತೇವೆ ಅಂತ ಹಟ ಹಿಡಿದಿದ್ದರು. ಎರಡೂ ಒಂದೇ ಕಾಲದ ಕಥೆ. ಅಡ್ಮಿರಲ್‌ಗಳ ಕಥೆ ಕೇಳುವಾಗ ಆಕಳಿಸುತ್ತಿದ್ದವಳು ಇದನ್ನು ಎರಡು ಸಲ ಹೇಳಿಸಿಕೊಂಡಳು.

ಆಮೇಲೆ 1898ಕ್ಕೆ ಬಂದೆವು. ಸ್ಪೇನಿನ ಜೊತೆ ಅಮೆರಿಕ ನಾಲ್ಕು ತಿಂಗಳು ಕೂಡ ತುಂಬದ ಯುದ್ಧ ಮಾಡಿ ಪೋರ್ಟೊರಿಕೊ, ಗುವಾಮ್, ಫಿಲಿಪೀನ್ಸ್ ಕಿತ್ತುಕೊಂಡಿತು. ಅದೇ ವರ್ಷ ಹವಾಯಿಯನ್ನೂ ಒಳಗೆ ಹಾಕಿಕೊಂಡಿತು. ನಮಗೆ ಸ್ವಾತಂತ್ರ್ಯ ಬೇಕು ಅಂದ ಫಿಲಿಪೀನ್ಸಿನ ಜನರ ಮೇಲೆ ವರ್ಷಗಟ್ಟಲೆ ಬಂದೂಕು ಹಾರಿಸಿತು, ಊರು ಸುಟ್ಟಿತು. ಹತ್ತು ವರ್ಷದಲ್ಲಿ ಮೈ ಬೆಳೆಸಿಕೊಂಡು, ಆ ಮೈ ತೋರಿಸಲು ಈ ಬಿಳಿ ಹಡಗು ಕಳಿಸಿತು. ಸಿಡ್ನಿಯ ಗುಡ್ಡಗಳ ಮೇಲೆ ಐದು ಲಕ್ಷ ಜನ ನಿಂತು ಕೈ ಬೀಸಿದರು ಅಂತ ಅಂದಿನ ಪತ್ರಿಕೆಗಳು ಬರೆದವು. ಏಷ್ಯಾದವರನ್ನು ಒಳಗೆ ಬಿಡದ ಕಾನೂನೇ ಆಗ ಇಲ್ಲಿತ್ತು. ಅವರು ಬರದ ಹಾಗೆ ಕಾಯಲು ಬಿಳಿಯರ ಅಣ್ಣ ಒಬ್ಬ ಸಿಕ್ಕ ಅಂತ ಇಲ್ಲಿಯವರಿಗೆ ಖುಷಿ.

ಗಿರಿಜವ್ವ ನಕ್ಷೆಯ ಮೇಲೆ ಬೆರಳಾಡಿಸಿದಳು. "ಹಂಗಾದ್ರ ಲೂರ್ದೆಸ್‌ನ ದೇಶದ ಚುಕ್ಕಿ ಇದರಾಗ ಯಾವುದು?"

ಇಲ್ಲ ಅಂದೆ. ಹವಾಯಿಗೆ ಸಿಗಲು ಅರವತ್ತು ವರ್ಷ ಹಿಡಿಯಿತು, ಉಳಿದವಕ್ಕೆ ಸಿಗಲೇ ಇಲ್ಲ.

"ಹಿಡಕೊಂಡ್ರು, ಆದ್ರ ಎಣಿಸಲಿಲ್ಲ," ಅಂದಳು. ಚಟ್ನಿಯ ಬಟ್ಟಲು ನನ್ನ ಕಡೆ ದೂಡಿದಳು. "ನಮ್ಮ ಕ್ಯಾಶುಯಲ್ ಇದ್ದಂಗ. ದುಡಿಯಾಕ ಬೇಕು, ಹಾಜರಿ ಪುಸ್ತಕದಾಗ ಹೆಸರು ಬ್ಯಾಡ."

ಮೂವತ್ತು ವರ್ಷ ಓದಿ ನಾನು ಹೇಳಲಾಗದ್ದನ್ನು ಚಪಾತಿ ಹರಿಯುತ್ತಾ ಹೇಳಿಬಿಟ್ಟಳು. ನಾನು ನನ್ನ ಸಣ್ಣ ಬುದ್ಧಿ ತೋರಿಸಿದೆ. ತಪ್ಪು ಬಾವುಟವೇ ಇರಲಿ ಬಿಡು ತಂಗಿ, ಮೂವತ್ತೆರಡು ತಪ್ಪು ಬಾವುಟ ನೇತುಹಾಕಿಕೊಂಡು ಕೂರಲಿ, ನಾವು ಹೊರಗೆ ನಿಂತು ಹಲ್ಲು ಕಿರಿಯೋಣ ಅಂದೆ. ಅವಳ ಮುಖ ಬಿಗಿಯಿತು.

"ಕಾಕಾ, ತಪ್ಪು ಬಾವುಟ ಕಟ್ಟಿದಾಂವಗ ಮರ್ಯಾದಿ ಹೋಗೂದಿಲ್ಲ. ಹೊಲಿದಾಕಿದು ಹೋಗ್ತೈತಿ."

ಮರುದಿನ ಥಾನಾಸಿಗೆ ಹೇಳಿದಳು. ಅವನು ಗಡಿಯಾರದ ಪಕ್ಕದ ಗಿಡ್ಡ ಬಾವುಟ ತೋರಿಸಿ, ಅಳತೆಯೇ ತಪ್ಪಿದವಳು ಚುಕ್ಕಿ ತಿದ್ದಲು ಬಂದಳು ಅಂದ. ಗಿರಾಕಿ ಕಳಿಸಿದ ನಕ್ಷೆ, ಗಿರಾಕಿಯ ತಲೆನೋವು, ಅದರಲ್ಲಿರುವುದನ್ನು ಹೊಲಿ. ಇನ್ನೊಂದು ಸಲ ಬಾಯಿ ಬಿಟ್ಟರೆ ಪರ್ಮನೆಂಟ್ ಮಾತು ಮರೆತುಬಿಡು. ಮನೆಯಲ್ಲಿ ಶಿವಬಸಪ್ಪನೂ ಅದನ್ನೇ ಹೇಳಿದ. ಅವನು ಮೆತ್ತಗಿನ ಮನುಷ್ಯ, ದನಿ ಎತ್ತುವವನಲ್ಲ. ಎರಡು ಚುಕ್ಕಿ ಹೆಚ್ಚಾದರೆ ಯಾರ ಗಂಟು ಹೋಗುತ್ತದೆ ಅಂತಷ್ಟೇ ಕೇಳಿದ.

ಅವಳು ಕಾರ್ಖಾನೆಯಲ್ಲಿ ನಕ್ಷೆಯಂತೆ ನಲವತ್ತೆಂಟರ ಮಾದರಿಯೊಂದನ್ನು ಹೊಲಿದುಕೊಟ್ಟಳು. ಅಳತೆ ತಪ್ಪಿ ಹಾಳಾದ ಬಟ್ಟೆಯಿಂದ ನೀಲಿ ತುಂಡೊಂದನ್ನು ಕೇಳಿ ತಂದು ಮನೆಯ ಮಷೀನಿನಲ್ಲಿ ನಲವತ್ತಾರು ಚುಕ್ಕಿ ಹಚ್ಚಿದಳು. ನಲವತ್ತೆಂಟಾದರೆ ಸುಲಭ, ಎಂಟರಂತೆ ಆರು ಸಾಲು, ಕಣ್ಣು ಮುಚ್ಚಿ ಹೊಲಿಯಬಹುದು. ನಲವತ್ತಾರು ಹಟಮಾರಿ ಸಂಖ್ಯೆ. ಎಂಟು, ಏಳು, ಎಂಟು, ಎಂಟು, ಏಳು, ಎಂಟು. ಏಳರ ಸಾಲಿನ ಚುಕ್ಕಿಗಳ ನಡುವೆ ಸಂದು ಸರಿಹೋಗಬೇಕು. ಎರಡು ಸಲ ಬಿಚ್ಚಿ ಮೂರನೇ ಸಲ ಒಪ್ಪಿಕೊಂಡಳು.

ಮೇ ತಿಂಗಳ ಮೊದಲ ವಾರ ಸಂಘದ ಕಡೆಯಿಂದ ಹಾಲೋರನ್ ಅನ್ನುವ ಮುದುಕ ಸಿಡ್ನಿಯಿಂದ ಮಾದರಿ ನೋಡಲು ಬಂದ. ಹಳೆಯ ನೌಕಾಪಡೆಯವನು, ಎದೆಗೆ ಪದಕದ ಪಟ್ಟಿ. ಥಾನಾಸಿ ಕಾಫಿ ತರಿಸಿ, ಮಾದರಿ ಬಾವುಟ ಮೇಜಿನ ಮೇಲೆ ಹರಡಿ, ಹೊಲಿಗೆ ಹೊಗಳುತ್ತಿದ್ದ. ಮುಂದಿನದನ್ನು ಲೂರ್ದೆಸ್ ನನಗೆ ನಟಿಸಿಯೇ ತೋರಿಸಿದಳು. ಗಿರಿಜವ್ವ ಮಷೀನು ನಿಲ್ಲಿಸಿ, ಸೆರಗು ಸಿಕ್ಕಿಸಿ, ಚೀಲದಿಂದ ನೀಲಿ ತುಂಡು ತೆಗೆದು ಮಾದರಿ ಬಾವುಟದ ಪಕ್ಕ ಇಟ್ಟಳು. ಅದರ ಮೇಲೆ ಪುಸ್ತಕದ ಜೆರಾಕ್ಸ್ ಹಾಳೆ.

"ಸರ್, ಫಾರ್ಟಿಎಯ್ಟ್ ರಾಂಗ್. ನೈಂಟೀನ್ ಓ ಎಯ್ಟ್, ಫಾರ್ಟಿಸಿಕ್ಸ್."

ಥಾನಾಸಿಯ ಕೈಯಲ್ಲಿ ಕಾಫಿ ಅಲ್ಲೇ ನಿಂತಿತು. ಹಾಲೋರನ್‌ನ ಮುಖ ಟೊಮೇಟೊ ಆಯಿತು. ನಕ್ಷೆ ಬರೆದವನು ಅವನೇ, ಅಜ್ಜನ ಪೆಟ್ಟಿಗೆಯಲ್ಲಿದ್ದ ಹಳೆಯ ಬಾವುಟ ನೋಡಿ. ಅದು ಮೊದಲ ಮಹಾಯುದ್ಧದ ಕಾಲದ್ದು ಅಂತ ಆಮೇಲೆ ಗೊತ್ತಾಯಿತು. ಆ ಹೊತ್ತಿಗೆ ಮಾತ್ರ ಅವನು ನಕ್ಕು, ಪ್ರದರ್ಶನದಲ್ಲಿ ನೇತುಹಾಕಿದ ಬಾವುಟದ ಚುಕ್ಕಿ ಯಾರು ಎಣಿಸ್ತಾರೆ ತಾಯಿ ಅನ್ನುವ ಅರ್ಥದಲ್ಲಿ ಏನೋ ಅಂದ.

"ಐ ಕೌಂಟ್," ಅಂದಳು ಗಿರಿಜವ್ವ.

ಮುದುಕ ಜೆರಾಕ್ಸ್ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ ಟ್ಯಾಕ್ಸಿ ಹತ್ತಿದ. ಥಾನಾಸಿ ಬೈಯಲಿಲ್ಲ. ಇವತ್ತಿಗೆ ಸಾಕು, ಮನೆಗೆ ಹೋಗು, ಬೇಕಾದಾಗ ಫೋನ್ ಮಾಡ್ತೀನಿ ಅಂದ. ಕ್ಯಾಶುಯಲ್ ಕೆಲಸದವರಿಗೆ ಆ ಮಾತಿನ ಅರ್ಥ ಗೊತ್ತು. ಅವರನ್ನು ಯಾರೂ ಕೆಲಸದಿಂದ ತೆಗೆಯುವುದಿಲ್ಲ. ಫೋನ್ ಬರುವುದು ನಿಲ್ಲುತ್ತದೆ, ಅಷ್ಟೇ.

ಮಂಗಳವಾರ ಬರಲಿಲ್ಲ. ಬುಧವಾರ ಬರಲಿಲ್ಲ. ಗಿರಿಜವ್ವ ಮನೆಯ ಕಪಾಟುಗಳನ್ನೆಲ್ಲ ತೊಳೆದಳು. ಫೋನು ಜಾಕೆಟಿನ ಜೇಬಿನಲ್ಲೇ ಇತ್ತು. ಗುರುವಾರ ನಾನು ಹೋದಾಗ ಶಿವಬಸಪ್ಪ ಸೈಟಿನ ಕಾಗದಗಳನ್ನು ಕವರಿಗೆ ಹಾಕುತ್ತಿದ್ದ.

"ಎರಡು ಚುಕ್ಕಿ ಸಲುವಾಗಿ ಮನಿ ಹೋತು ನೋಡ್ರಿ," ಅಂದ ನನಗೆ.

"ಕಟ್ಟೇ ಇಲ್ಲ, ಹೋಗೂದೆಲ್ಲಿಂದ ಬಂತು," ಅಂದಳು ಅವಳು ಒಳಗಿನಿಂದ.

ನಮ್ಮ ಯೂನಿಯನ್ನಿನ ಹತ್ತು ಜನರನ್ನು ಕರೆದುಕೊಂಡು ಹೋಗಿ ಕಾರ್ಖಾನೆಯ ಗೇಟಿನಲ್ಲಿ ನಿಲ್ಲುತ್ತೇನೆ ಅಂತ ನಾನು ಎದ್ದೆ. ಕೈ ಕಡಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಅವಳು ಬೇಡ ಅಂದಳು. ನೀವು ಬಂದ್ರ ಅದು ನಿಮ್ಮ ಜಗಳ ಆಗ್ತೈತಿ, ನಂದು ನನಗ ಇರಲಿ ಅಂದಳು. ಚಹಾ ಕುಡಿದು ಬಂದೆ. ಅವಳ ಕಣ್ಣು ಕೆಂಪಾಗಿತ್ತು. ಕಪಾಟು ತೊಳೆಯುವ ಸೋಪಿನ ಪುಡಿಗೆ ಹಾಗಾಗಿದೆ ಅಂದಳು, ನಾನೂ ಹೌದು ಅಂದೆ.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಥಾನಾಸಿಯ ಫೋನ್. ಹಾಲೋರನ್ ಮುದುಕ ಮರ್ಯಾದಸ್ಥ. ಸಿಡ್ನಿಗೆ ಹೋದವನು ತಿಳಿದವರನ್ನು ಕೇಳಿದ್ದ, ಹಳೆಯ ದಾಖಲೆ ತಿರುವಿಹಾಕಿದ್ದ. ನಲವತ್ತಾರೇ ಸರಿ. ಮೂವತ್ತೆರಡೂ ನಲವತ್ತಾರಾಗಬೇಕು, ತಿಂಗಳ ಕೊನೆಗೆ ಬೇಕು, ಆ ಹೆಂಗಸೇ ಹೊಲಿಯಬೇಕು.

ಗಿರಿಜವ್ವ ಹೋದಳು. ತನ್ನ ಮಷೀನಿನ ಮುಂದೆ ಕೂತಳು. ಸ್ವಿಚ್ಚು ಹಾಕಲಿಲ್ಲ. ಥಾನಾಸಿ ಏನಾಯಿತು ಅಂತ ಬಂದು ನಿಂತ.

"ಯು ಸೆಡ್, ಆಫ್ಟರ್ ಆರ್ಡರ್, ಪರ್ಮನೆಂಟ್," ಅಂದಳು. "ನೌ, ಬಿಫೋರ್ ಆರ್ಡರ್. ಮಿ ಆಂಡ್ ಲೂರ್ದೆಸ್."

ಲೂರ್ದೆಸ್‌ಗೆ ಈ ಯೋಜನೆ ಗೊತ್ತೇ ಇರಲಿಲ್ಲ. ಸೂಜಿ ಚುಚ್ಚಿಕೊಂಡೆ ಅಂತ ನಗುತ್ತಾ ಹೇಳಿದಳು ನನಗೆ. ಥಾನಾಸಿ ಗ್ರೀಕಿನಲ್ಲಿ ಕೂಗಾಡಿದ, ಇಂಗ್ಲಿಷಿನಲ್ಲಿ ಕೂಗಾಡಿದ, ಇದು ಕುತ್ತಿಗೆ ಹಿಸುಕುವ ಕೆಲಸ ಅಂದ. ಗಿರಿಜವ್ವ ಕೈ ಕಟ್ಟಿಕೊಂಡು ಕೇಳಿಸಿಕೊಂಡಳು. ಕೊನೆಗೆ ಅವನು ಕಂಪ್ಯೂಟರಿನ ಮುಂದೆ ಕೂತು ಎರಡೇ ಬೆರಳಲ್ಲಿ ಒಂದು ತಾಸು ಕುಟ್ಟಿ ಎರಡು ಪತ್ರ ತಂದ. ಇಬ್ಬರೂ ಒಂದೊಂದು ಸಾಲಿಗೆ ಬೆರಳಿಟ್ಟು ಓದಿದರು. ಕೆಲಸ ಶುರುವಾಗುವ ತಾರೀಕು ಆರ್ಡರ್ ಮುಗಿದ ಮರುದಿನದ್ದಿತ್ತು. ಗಿರಿಜವ್ವ ಅದನ್ನು ಎತ್ತಿಕೊಂಡು ಹೋಗಿ ಅವನ ಮೇಜಿನ ಮೇಲೆ ಇಟ್ಟು, ತಾರೀಕಿನ ಮೇಲೆ ಬೆರಳಿಟ್ಟಳು. ಅವನು ತಲೆ ಎತ್ತಿ ನೋಡಿದ, ಯಾಕೋ ನಕ್ಕುಬಿಟ್ಟ, ಇವತ್ತಿನ ತಾರೀಕು ಹಾಕಿಕೊಟ್ಟ. ಆಮೇಲೆ ಮಷೀನು ಓಡಿತು.

ಮೂರು ವಾರ ಓಡಿತು. ಚುಕ್ಕಿ ಹಚ್ಚುವುದನ್ನು ಲೂರ್ದೆಸ್‌ಗೂ ಕಲಿಸಿಕೊಂಡಳು. ಚುಕ್ಕಿ ಎರಡೂ ಮಗ್ಗುಲಲ್ಲಿ ಬೆನ್ನಿಗೆ ಬೆನ್ನು ಕೂಡಬೇಕು ಅಂತ ಗಿರಿಜವ್ವನ ಹಟ. ಒಂದು ಬಾವುಟಕ್ಕೆ ತೊಂಬತ್ತೆರಡು ಚುಕ್ಕಿ, ಮೂವತ್ತೆರಡಕ್ಕೆ ಮೂರು ಸಾವಿರಕ್ಕೆ ಐವತ್ತಾರು ಕಡಿಮೆ. ಲೂರ್ದೆಸ್ ಹೊಲಿದ ಹತ್ತೊಂಬತ್ತನೇ ಬಾವುಟದಲ್ಲಿ ಒಂದು ಚುಕ್ಕಿ ತಲೆ ವಾಲಿಸಿತ್ತು ಅಂತ ಬಿಚ್ಚಿಸಿದಳು. ಲೂರ್ದೆಸ್ ತನ್ನ ಭಾಷೆಯಲ್ಲಿ ಬೈದಳು. ಗಿರಿಜವ್ವ ಮಷೀನಿನ ಕೆಳಗೆ ಒಗೆದ ಚಾದರ ಹಾಸಿ, ಬಟ್ಟೆ ನೆಲಕ್ಕೆ ತಾಗದ ಹಾಗೆ ನೋಡಿಕೊಳ್ಳುವುದನ್ನು ಕಂಡು ಅವಳಿಗೆ ತಡೆಯಲಾಗಲಿಲ್ಲ. ನಮ್ಮ ಮುತ್ತಜ್ಜಿಯ ಊರು ಸುಟ್ಟವರ ಬಾವುಟ ಇದು, ಇದನ್ನ ನೆಲಕ್ಕೆ ಮುಟ್ಟಿಸದೆ ಕಾಪಾಡ್ತೀಯಲ್ಲ ಮಾರಾಯ್ತಿ ಅಂತ ಕೇಳಿದಳು.

"ಬಾವುಟ ಅವ್ರದು. ಹೊಲಿಗಿ ನಂದು," ಅಂದಳು ಗಿರಿಜವ್ವ, ಹಲ್ಲಿನಿಂದ ದಾರ ಕಡಿಯುತ್ತಾ. ಇದನ್ನು ಕನ್ನಡದಲ್ಲೇ ಹೇಳಿದಳಂತೆ. ಲೂರ್ದೆಸ್ ಅರ್ಥವಾಯಿತು ಅನ್ನುತ್ತಾಳೆ. ಇರಬಹುದು. ಅವಳ ಅಕ್ಕನ ಮಗ ಈಗ ಅದೇ ಅಮೆರಿಕದ ನೌಕಾಪಡೆಯಲ್ಲಿ ಅಡುಗೆಯವನು. ಬಡವರ ಮನೆಯ ಚರಿತ್ರೆ ಹೀಗೇ, ಒಂದು ಗೆರೆ ಎಳೆದು ಈ ಕಡೆ ಆ ಕಡೆ ಅಂತ ನಿಲ್ಲಿಸಲು ಬರುವುದಿಲ್ಲ. ಭಾಷಣ ಮಾಡುವ ನನ್ನಂಥವರಿಗೆ ಮಾತ್ರ ಬರುತ್ತದೆ.

ಮೂವತ್ತೆರಡೂ ಹೋದವು. ಒಂದೂ ವಾಪಸ್ ಬರಲಿಲ್ಲ. ಬ್ಯಾಂಕಿನವರು ಪತ್ರ ನೋಡಿ ತಲೆಯಾಡಿಸಿದರು. ಶಿವಬಸಪ್ಪ ಕವರಿನಿಂದ ಸೈಟಿನ ಕಾಗದ ಹೊರಗೆ ತೆಗೆದ.

ಆಗಸ್ಟ್ ಇಪ್ಪತ್ತು, ಬುಧವಾರ, ಸಿಡ್ನಿಯಲ್ಲಿ ಬಂದರಿನ ಹತ್ತಿರದ ಸಭಾಂಗಣದಲ್ಲಿ ಪ್ರದರ್ಶನ ಶುರು. ನಾವು ಹೊರಗೆ ಧಿಕ್ಕಾರಕ್ಕೆ ನಿಂತೆವು. ಕೆಲಸದ ದಿನ ಸಾಮ್ರಾಜ್ಯಶಾಹಿಯ ವಿರುದ್ಧ ಬಂದವರು ಮೂವತ್ತೊಂದು ಜನ, ಅದರಲ್ಲಿ ಅರ್ಧ ನಿವೃತ್ತರು. ಫಿಲಿಪೀನ್ಸಿನವರ ಒಂದು ಗುಂಪು, ಬಂದರಿನ ಹಳೆಯ ಕೂಲಿಗಳು ಐದಾರು ಮಂದಿ, ಕಾಲೇಜಿನ ನಾಲ್ಕು ಹುಡುಗರು. ಹಿಂದಿನ ದಿನ ಹಗಲು ರೈಲಿನಲ್ಲಿ ಗಿರಿಜವ್ವನೂ ಲೂರ್ದೆಸ್ಸೂ ನನ್ನ ಜೊತೆಯಲ್ಲೇ ಬಂದಿದ್ದರು. ಧಿಕ್ಕಾರಕ್ಕಲ್ಲ, ತಮ್ಮ ಬಾವುಟ ನೋಡಲು.

ಇಬ್ಬರೂ ಒಳಗೆ ಹೋಗಿ ಒಂದು ತಾಸು ಬಿಟ್ಟು ಬಂದರು. ಹಾಲೋರನ್ ಕೈಕುಲುಕಿದನಂತೆ, ಪ್ರತಿ ಹಡಗಿನ ಚಿತ್ರದ ಮುಂದೆ ನಿಲ್ಲಿಸಿ ಪರಿಚಯ ಮಾಡಿಸಿದನಂತೆ. ಹೊರಗೆ ಫಿಲಿಪೀನ್ಸಿನ ಗುಂಪಿನ ಹೆಂಗಸು ಮೈಕಿನಲ್ಲಿದ್ದಳು. ಅವಳು ಲೂರ್ದೆಸ್‌ಳನ್ನು ಕರೆದಳು, ಲೂರ್ದೆಸ್ ಗಿರಿಜವ್ವನ ತೋಳು ಹಿಡಿದು ಎಳೆದಳು. ಗಿರಿಜವ್ವ ಮೈಕು ಕೈಗೆ ಬಂದ ಮೇಲೆ ನನ್ನನ್ನು ಹುಡುಕಿದಳು.

"ಕಾಕಾ, ನಾ ಕನ್ನಡದಾಗ ಹೇಳ್ತೀನಿ, ನೀವು ಇಂಗ್ಲಿಷ್‌ನಾಗ ಹೇಳ್ರಿ. ನಿಮ್ಮದು ಏನೂ ಸೇರಸಬ್ಯಾಡ್ರಿ."

ಆಮೇಲೆ ನಿಧಾನಕ್ಕೆ, ಅಳತೆ ಹೇಳುವ ದನಿಯಲ್ಲಿ ಹೇಳಿದಳು. "ಒಳಗಿನ ಮೂವತ್ತೆರಡು ಬಾವುಟ ನಾವಿಬ್ಬರು ಹೊಲಿದೀವಿ. ನೂರು ವರ್ಷದ ಹಿಂದ ಆ ಹಡಗು ಬಂದಾಗ, ನಮ್ಮಿಬ್ಬರನ್ನ ಈ ಬಂದರದಾಗ ಇಳಿಯಾಕ ಬಿಡ್ತಿದ್ದಿಲ್ಲ. ಇವತ್ತು ನಾವು ಪಗಾರದ ರಜಾ ಹಾಕಿ ಬಂದೀವಿ."

ಒಂದು ಅಕ್ಷರ ಸೇರಿಸದೆ ಹೇಳಿದೆ. ನನ್ನ ಜೀವನದಲ್ಲಿ ಅಷ್ಟು ಚಿಕ್ಕ ಭಾಷಣ ನಾನು ಮಾಡಿದ್ದಿಲ್ಲ. ಆಮೇಲೆ ಬಂದರಿನ ಕೂಲಿಗಳಲ್ಲಿ ಒಬ್ಬ ಮುದುಕ, ರಜೆಗಾಗಿ ಎಷ್ಟು ಮುಷ್ಕರ ಮಾಡಿದ್ದನೋ ಏನೋ, ಟೊಪ್ಪಿಗೆ ತೆಗೆದು ಚಪ್ಪಾಳೆ ಶುರುಮಾಡಿದ. ನಾನೂ ತಟ್ಟಿದೆ. ಹೆಮ್ಮೆಯಾಗಿತ್ತು.

ಕಾಲೇಜಿನ ಹುಡುಗರಲ್ಲಿ ಒಬ್ಬ, ಗಡ್ಡ ಬಿಟ್ಟವನು, ನನ್ನ ಹತ್ತಿರ ಬಂದ. ಪಗಾರದ ರಜೆಗೂ ಅಮೆರಿಕದ ಯುದ್ಧನೌಕೆಗೂ ಏನು ಸಂಬಂಧ ಅಂತ ಕೇಳಿದ. ಒಳ್ಳೆಯ ಪ್ರಶ್ನೆಯೇ. ಆದರೆ ಉತ್ತರ ನನ್ನದಲ್ಲ ಅಂತ ಗಿರಿಜವ್ವನ ಕಡೆ ಕೈ ತೋರಿಸಿದೆ. ಅವಳು ಮೆಟ್ಟಿಲ ಮೇಲೆ ಚೀಲ ಸರಿಸಿ ಅವನಿಗೆ ಜಾಗ ಮಾಡಿಕೊಟ್ಟಳು, ಬುತ್ತಿಯಿಂದ ಒಂದು ರೊಟ್ಟಿ ಕೈಗಿಟ್ಟಳು, ತನ್ನ ಇಂಗ್ಲಿಷಿನಲ್ಲಿ ಮೊದಲಿನಿಂದ ಹೇಳತೊಡಗಿದಳು. ಲೂರ್ದೆಸ್ ಮಧ್ಯೆ ಮಧ್ಯೆ ತಿದ್ದುತ್ತಿದ್ದಳು. ನಾಳೆಯೂ ಅವರಿಗೆ ರಜೆ ಇತ್ತು, ಇಬ್ಬರಿಗೂ ಅವಸರವೇನಿರಲಿಲ್ಲ.